ಒಂದೇಟಿನ ಮಾವನ ಟ್ರ್ಯಾಕು

ಸಿನಿಮಾದವರ ಫೋನು ಬಂದಾಗ ಪುಟ್ಟಿ ಹಲ್ಲುಜ್ಜುತ್ತಿದ್ದಳು. ಬಾಯಿತುಂಬ ನೊರೆ. "ಹೂಂ, ಹೂಂ" ಅನ್ನುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಆ ನೊರೆಯನ್ನು ಉಗುಳಿದಳೋ ನುಂಗಿದಳೋ ಅವಳಿಗೇ ಗೊತ್ತಿಲ್ಲ. ಬಚ್ಚಲಿಂದ ಆಚೆ ಬಂದವಳೇ ಅಮ್ಮನನ್ನು ಎರಡೂ ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸಿಬಿಟ್ಟಳು.

"ಬಿಡೇ, ತಲೆ ಸುತ್ತುತ್ತೆ! ಏನಾಯ್ತು ಅಂತ ಬಾಯಿಬಿಟ್ಟು ಹೇಳ್ಬಾರ್ದಾ?" ಅಮ್ಮ ಕೈಯಲ್ಲಿದ್ದ ಸೌಟನ್ನು ಎತ್ತಿ ಹಿಡಿದಳು, ಎಲ್ಲಿ ಮಗಳ ತಲೆಗೆ ತಾಗುತ್ತದೋ ಅಂತ.

"ನಮ್ಮ ಹಾಡು ಸಿನಿಮಾಕ್ಕೆ ಬೇಕಂತೆ ಅಮ್ಮಾ! ಕೊನೇ ದೃಶ್ಯಕ್ಕೆ! ಇವತ್ತು ಮಧ್ಯಾಹ್ನದೊಳಗೆ ಕಳಿಸ್ಬೇಕಂತೆ!"

ಪುಟ್ಟಿ ಅಂದರೆ ಯಾವುದೋ ಪುಟಾಣಿ ಅಂದುಕೊಳ್ಳಬೇಡಿ. ಮೂವತ್ತು ದಾಟಿದ ಹೆಂಗಸು. ಆದರೆ ಕರೆಯುವವರು ಬಿಡಬೇಕಲ್ಲ! ಮನೆಯ ಮಹಡಿ ಮೇಲೆ, ಮೊದಲು ಹಳೇ ಸಾಮಾನು ತುಂಬಿಡುತ್ತಿದ್ದ ಕೋಣೆಯಲ್ಲಿ ಅವಳ ರೆಕಾರ್ಡಿಂಗು ನಡೆಯುತ್ತದೆ. ಹೊರಗಿನ ಗದ್ದಲ ಒಳಗೆ ಬರದಿರಲಿ ಅಂತ ಗೋಡೆಗೆಲ್ಲ ಹಾಸಿಗೆ ಬಡಿದಿದ್ದಾಳೆ. "ನಮ್ಮನೇಲಿ ಹಾಸಿಗೆ ಗೋಡೆ ಹತ್ತಿತು, ನಾವು ಚಾಪೆಗೆ ಇಳಿದ್ವಿ" ಅಂತ ಅಮ್ಮ ಬಂದವರಿಗೆಲ್ಲ ಹೇಳುವುದುಂಟು. ಅಂಗಡಿಗಳ ಜಾಹೀರಾತು, ಮಕ್ಕಳ ಪದ್ಯ, ಯಾರದೋ ಭಾಷಣ, ಹೀಗೆ ಸಿಕ್ಕಿದ್ದನ್ನೆಲ್ಲ ರೆಕಾರ್ಡ್ ಮಾಡಿ ಅವಳು ಹೊಟ್ಟೆ ಹೊರೆಯುತ್ತಾಳೆ.

ಅದು ಹೊಟ್ಟೆಪಾಡಿನ ಮಾತಾಯಿತು. ಸಂತೋಷದ ಮಾತು ಬೇರೆ. ರಜೆಯ ದಿನ ಆ ಕೋಣೆಗೆ ಒಂದು ಗುಂಪು ಬಂದು ಸೇರುತ್ತದೆ. ಅಂಚೆ ಕಚೇರಿಯವರೊಬ್ಬರು ಕೊಳಲು ನುಡಿಸುತ್ತಾರೆ, ಔಷಧಿ ಅಂಗಡಿಯಾಕೆ ಪಿಟೀಲು, ಬ್ಯಾಂಕಿನವನೊಬ್ಬ ಡ್ರಮ್ಮು, ಅವನ ತಂಗಿ ಗಿಟಾರು. ಅವರೆಲ್ಲ ಸೇರಿ ನುಡಿಸುವುದು ಪುಟ್ಟಿಯೇ ಕಟ್ಟಿದ ರಾಗಗಳನ್ನು. ಅವುಗಳಲ್ಲಿ ಒಂದಕ್ಕೆ ಮಾತೇ ಇಲ್ಲ, ಬರೀ ವಾದ್ಯ. ಆದರೂ ಎಲ್ಲರೂ ಅದನ್ನು ಹಾಡು ಅಂತಲೇ ಕರೆಯುವುದು. ಒಂದು ಸಣ್ಣ ಕಾರ್ಯಕ್ರಮದಲ್ಲಿ ಅದನ್ನು ನುಡಿಸಿದಾಗ ಕೇಳುಗರೊಬ್ಬರು ಫೋನಿನಲ್ಲಿ ಹಿಡಿದುಕೊಂಡಿದ್ದರು. ಹಾಡು ಮುಗಿಯುವ ಮುಂಚೆ ಅವರ ಫೋನಿನ ಚಾರ್ಜು ಮುಗಿದಿತ್ತು. ಆ ಮುಕ್ಕಾಲು ಹಾಡೇ ಅಲ್ಲಿಲ್ಲಿ ಸುತ್ತಿ ಸುತ್ತಿ ಒಬ್ಬ ಸಿನಿಮಾ ನಿರ್ದೇಶಕಿಯ ಕಿವಿಗೆ ಬಿದ್ದಿತ್ತು. ಅದೃಷ್ಟ ಎಲ್ಲಿಂದ ಹೇಗೆ ಬರುತ್ತೆ ನೋಡಿ!

ಗುಂಪಿನಲ್ಲಿ ಇನ್ನೊಬ್ಬರಿದ್ದರು. ಅಮ್ಮನ ತಮ್ಮ, ಪುಟ್ಟಿಯ ಸೋದರಮಾವ. ಮನೆ ಎದುರಿನ ರಸ್ತೆಯ ತಿರುವಿನಲ್ಲಿ ಅವನದು ಸೈಕಲ್ ರಿಪೇರಿ ಅಂಗಡಿ. ಗುಜರಿಯಲ್ಲಿ ಸಿಕ್ಕ ಒಂದು ಹಿತ್ತಾಳೆ ಕೊಳವೆಯನ್ನು ಅವನು ದಾರ ಕಟ್ಟಿ ತೂಗುಹಾಕಿದ್ದ. ಮರದ ಸುತ್ತಿಗೆಯಿಂದ ಅದನ್ನು ಹೊಡೆದರೆ ಬರುವ ನಾದ ಇದೆಯಲ್ಲ, ಆಹಾ, ಕೇಳಿಯೇ ತಿಳಿಯಬೇಕು. ಹಾಡಿನಲ್ಲಿ ಅವನ ಕೆಲಸ ಇಷ್ಟೇ: ಎಲ್ಲರೂ ನುಡಿಸಿ ಮುಗಿಸಿ ಸುಮ್ಮನಾದ ಮೇಲೆ, ಕಟ್ಟಕಡೆಗೆ, ಒಂದು ಏಟು. ಅಲ್ಲಿಯವರೆಗೆ ಸುತ್ತಿಗೆ ಹಿಡಿದು ನಿಂತಿರಬೇಕು. ಗುಂಪಿನವರೆಲ್ಲ ಅವನಿಗೆ 'ಒಂದೇಟಿನ ಮಾವ' ಅಂತಲೇ ಹೆಸರಿಟ್ಟಿದ್ದರು. ಅವನಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಬೇಜಾರಿದ್ದದ್ದು ಅಮ್ಮನಿಗೆ.

"ಒಂದೇಟು ಹೊಡೆಯೋಕೆ ಬೆಳಗ್ಗೆಯಿಂದ ಅಂಗಡಿ ಮುಚ್ಚಿ ಬರ್ತೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?" ಅಂತ ಅವಳು ಪ್ರತಿ ಸಲ ಕೇಳುವವಳೇ.

"ಒಂದೇಟು ಅಂತ ಹಗುರ ಮಾಡ್ಬೇಡ ಅಕ್ಕಾ" ಅಂತ ಮಾವ ಪ್ರತಿ ಸಲ ಹೇಳುವವನೇ.

ಆವತ್ತು ಸುದ್ದಿ ಕೇಳಿದ ಮಾವ ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದ. ಒಂದು ಸೈಕಲ್ಲಿನ ಚಕ್ರ ಬಿಚ್ಚಿದ್ದನ್ನು ಹಾಗೇ ಬಿಟ್ಟು ಬಂದಿದ್ದ, ಪಾಪ ಅದರ ಯಜಮಾನ ಅಂಗಡಿ ಮುಂದೆ ನಿಂತೇ ಇದ್ದ. ಬರುವ ದಾರಿಯಲ್ಲಿ ಕ್ಷೌರದಂಗಡಿಗೆ, ಹೂವಿನವಳಿಗೆ, ಎದುರು ಮನೆಯ ಮೇಡಮ್ಮಿಗೆ ಎಲ್ಲ ಹೇಳಿಯೂ ಆಗಿತ್ತು. ಡಂಗುರ ಹೊಡೆಯುವವನಿಗಿಂತ ಚೆನ್ನಾಗಿ ಸಾರಿದ್ದ. "ನನ್ನ ಏಟು ಸಿನಿಮಾದಲ್ಲಿ ಬರುತ್ತೆ! ಕೊನೇಲಿ! ಕೊನೇವರೆಗೂ ಎದ್ದು ಹೋಗ್ಬೇಡಿ ಮತ್ತೆ!"

ಮಹಡಿಯ ಕೋಣೆಯಲ್ಲಿ ಪುಟ್ಟಿ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಕುರ್ಚಿಯೇ ಕುಣಿಯುತ್ತಿತ್ತು.

"ಹಾಡು ಆಗಲೇ ಇದೆಯಲ್ಲ, ಕಳಿಸಿದ್ರಾಯ್ತು. ಇಷ್ಟೊತ್ತು ಏನ್ ಮಾಡ್ತಿದೀಯ?" ಮಾವ ಕೇಳಿದ.

"ಇಡೀ ಹಾಡು ಸಾಲದಂತೆ ಮಾವ. ಒಂದೊಂದು ವಾದ್ಯಾನೂ ಬಿಡಿಬಿಡಿಯಾಗಿ ಬೇಕಂತೆ. ಆಮೇಲೆ ಗುಂಪುಗುಂಪಾಗಿ ಬೇರೆ. ತಾಳದ್ದೆಲ್ಲ ಒಂದು, ತಂತಿದೆಲ್ಲ ಒಂದು. ಅದಕ್ಕೆ ಸ್ಟೆಮ್ ಅಂತಾರೆ. ಅಲ್ಲಿ ಮಾತು ನಡೆಯುವಾಗ ಡ್ರಮ್ಮು ತಗ್ಗಿಸ್ತಾರೆ, ಅಳುವಾಗ ಪಿಟೀಲು ಏರಿಸ್ತಾರೆ. ಎಲ್ಲ ಕಲಸಿಟ್ರೆ ಅವರಿಗೆ ಆಡೋಕೆ ಬರಲ್ಲ."

"ಅಂದ್ರೆ ಕಲಸಿದ ಹಿಟ್ಟಲ್ಲ, ಸಾಮಾನು ಬೇಕು ಅನ್ನು" ಅಂತ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು.

"ಅದೇ! ಮತ್ತೆ ಒಂದು ನಿಯಮ ಇದೆ. ಎಲ್ಲ ಫೈಲೂ ಸೊನ್ನೆಯಿಂದ ಶುರುವಾಗ್ಬೇಕು, ಎಲ್ಲಾನೂ ಒಂದೇ ಉದ್ದ ಇರ್ಬೇಕು. ಪಿಟೀಲು ಅರ್ಧ ಹಾಡಾದ ಮೇಲೆ ಬರುತ್ತೆ. ಬರಲಿ, ಆದ್ರೂ ಅದರ ಫೈಲು ಸೊನ್ನೆಯಿಂದಲೇ. ಸುಮ್ಮನಿದ್ದ ಹೊತ್ತನ್ನೂ ಕಳಿಸ್ಬೇಕು. ಯಾಕಂದ್ರೆ ಅಲ್ಲಿ ಎಲ್ಲಾನೂ ಎಡಗಡೆ ಅಂಚು ಸೇರಿಸಿ ಒಂದರ ಕೆಳಗೊಂದು ಇಟ್ಬಿಡ್ತಾರೆ."

ಮಾವನ ಮುಖ ಅರಳಿತು. "ಹಾಗಾದ್ರೆ ನನ್ನ ಫೈಲು?"

"ಅದೂ ಅಷ್ಟೇ ಉದ್ದ."

"ಕೊಳಲಿನವರಷ್ಟೇ?"

"ಕೊಳಲಿನವರಷ್ಟೇ."

"ಕೇಳಿಸ್ಕೊಂಡ್ಯಾ ಅಕ್ಕಾ? ಕೊಳಲಿನವರಷ್ಟೇ ಉದ್ದ!" ಮಾವ ಎದೆ ಸೆಟೆಸಿದ. "ಮತ್ತೆ ಪುಟ್ಟಿ, ನನ್ನನ್ನ ಆ ಡ್ರಮ್ಮಿನವನ ಗುಂಪಿಗೆ ಸೇರಿಸ್ಬೇಡ. ಅವನು ಸಿಕ್ಕಿದ್ದನ್ನೆಲ್ಲ ಬಡೀತಾನೆ. ನಂದು ಒಂದೇ ಇರ್ಲಿ, ಬೇರೆ ಇರ್ಲಿ."

ಪುಟ್ಟಿ ನಕ್ಕು ಆಗಲಿ ಅಂದಳು. ತಾಳದ ಗುಂಪಿನಿಂದ ಮಾವನ ಏಟನ್ನು ತೆಗೆದಳು. ಅದು ಒಂಟಿ ಫೈಲಾಗಿ ಹೋಗುವುದೆಂದು ತೀರ್ಮಾನವಾಯಿತು.

ಕೆಲಸ ಶುರುವಾಯಿತು. ಮೊದಲು ಕೊಳಲು. ರೆಕಾರ್ಡಿಂಗಿನಲ್ಲಿ ಒಬ್ಬೊಬ್ಬರಿಗೂ ಬೇರೆ ಮೈಕು ಇತ್ತು, ಹಾಗಾಗಿ ಉಳಿದವರ ಬಾಯಿ ಮುಚ್ಚಿಸಿ ಕೊಳಲನ್ನು ಮಾತ್ರ ಬಿಟ್ಟಳು. ನಡುನಡುವೆ ಅಂಚೆಯವರು ಉಸಿರೆಳೆದುಕೊಳ್ಳುವುದು ಗುಟುಕು ಗುಟುಕಾಗಿ ಕೇಳಿಸಿತು. ಪಿಟೀಲು ಒಂಟಿಯಾಗಿ ಕೇಳಿದರೆ ಒಂದು ಕಡೆ ಜಾರಿತ್ತು, ಗುಂಪಿನಲ್ಲಿ ಯಾರ ಕಿವಿಗೂ ಅದು ಬಿದ್ದಿರಲಿಲ್ಲ. "ಅಯ್ಯೋ ಔಷಧಿ ಅಂಗಡಿಯವಳೇ!" ಅಂತ ಮಾವ ತೊಡೆ ತಟ್ಟಿ ನಕ್ಕ. ಗಿಟಾರಿನ ಹುಡುಗಿ ಎಲ್ಲೋ ಒಂದು ಕಡೆ ಅಣ್ಣನನ್ನು ಮೆಲ್ಲಗೆ ಬೈದದ್ದೂ ಸಿಕ್ಕಿತು. ಸದ್ಯ, ಅದನ್ನು ಪುಟ್ಟಿ ಅಳಿಸಿದಳು. ಒಂದೊಂದು ಫೈಲು ಹೊರಗೆ ಬಂದಾಗಲೂ ಪರದೆಯ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ತುಂಬುತ್ತಿತ್ತು. ಅದು ತುಂಬಿದ ಕೂಡಲೇ ಮಾವ ಚಪ್ಪಾಳೆ ತಟ್ಟುತ್ತಿದ್ದ.

ಕೊನೆಗೆ ಅವನ ಸರದಿ. ಪುಟ್ಟಿ ಅವನ ಟ್ರ್ಯಾಕನ್ನು ದೊಡ್ಡದು ಮಾಡಿ ತೋರಿಸಿದಳು. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಸಪಾಟು ಗೆರೆ. ಬಲ ತುದಿಯಲ್ಲಿ ಮಾತ್ರ ಒಂದು ಮೀನಿನ ಮುಳ್ಳಿನ ಹಾಗೆ ಏನೋ ಎದ್ದು ನಿಂತಿತ್ತು.

"ಇಷ್ಟೇನಾ?" ಅಂದ ಮಾವ. ದನಿ ಇಳಿದಿತ್ತು.

"ಇರು, ಕೇಳಿಸ್ತೀನಿ."

ಕೇಳಿಸಬಾರದಿತ್ತು. ಮೈಕು ಪಾಪ ತನ್ನ ಕೆಲಸ ತಾನು ಮಾಡಿತ್ತು. ಮಾವನ ಮೊಣಕಾಲು ಲಟಕ್ ಅಂದದ್ದು, ಮೂಗು ಎಳೆದದ್ದು, ಹೊಟ್ಟೆ ಗುರ್ ಅಂದದ್ದು, ನಡುನಡುವೆ "ಭಲೇ... ಆಹಾ... ಹಾಂ, ಹಾಗೆ!" ಅಂತ ಪಿಸುಗುಟ್ಟಿದ್ದು, ಎಲ್ಲ ಅದರಲ್ಲಿತ್ತು. ಅಮ್ಮ ಸೆರಗು ಬಾಯಿಗೆ ಹಿಡಿದು ನಗುವುದಕ್ಕೆ ಶುರುಮಾಡಿದಳು. "ಹೊಟ್ಟೆ ಶಬ್ದಾನೂ ಸಿನಿಮಾಕ್ಕೆ ಹೋಗುತ್ತಾ?" ಅಂತ ಕೇಳಿ, ಗೋಡೆಯ ಹಾಸಿಗೆಗೆ ಒರಗಿ ನಕ್ಕಳು.

ಮಾವನ ಕಿವಿ ಕೆಂಪಾಯಿತು. "ತೆಗೆದುಹಾಕು ಪುಟ್ಟಿ. ಏಟಿನ ಮುಂಚಿಂದೆಲ್ಲ ಕತ್ತರಿಸು. ದೊಡ್ಡ ದೊಡ್ಡವರು ಕೇಳ್ತಾರೆ ಅಲ್ಲಿ. ಮಾನ ಹೋಗುತ್ತೆ."

ಮಾವ ತಲೆ ತಗ್ಗಿಸಿದ್ದನ್ನು ನೋಡಿ ಪುಟ್ಟಿ ಮೌಸು ಹಿಡಿದಳು. ಕರಕರ ಕತ್ತರಿಸಿದಳು. ಏಟು ಮಾತ್ರ ಉಳಿಯಿತು. ಇನ್ನು ಅದರ ಮುಂಚೆ ಖಾಲಿ ಮೌನವನ್ನು ಅಂಟಿಸಿ, ಸೊನ್ನೆಯವರೆಗೆ ಎಳೆದು, ಆಮೇಲೆ ಹೊರಗೆ ತೆಗೆಯಬೇಕು. ಅದು ಅವಳಿಗೆ ನಿದ್ದೆಯಲ್ಲೂ ಗೊತ್ತಿರುವ ಕೆಲಸ. ಆದರೆ ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತ ಕಡೆ ಮಿಕ್ಸಿಂಗ್ ಮೇಷ್ಟ್ರು. ಸಿನಿಮಾದ ಎಲ್ಲ ಸದ್ದನ್ನೂ ಕೂಡಿಸುವವರು ಅವರೇ. "ಅಮ್ಮಾ, ಎಲ್ಲಿಗೆ ಬಂತು? ಇಲ್ಲಿ ನಿರ್ದೇಶಕಿ ಮೇಡಂ ಕೂತೇಬಿಟ್ಟಿದ್ದಾರೆ. ಕಳಿಸ್ರೀ, ಕಳಿಸ್ರೀ!" ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರಾ? ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು "ಬಂತು ಸರ್, ಬಂತು ಸರ್" ಅನ್ನುತ್ತಲೇ ಪುಟ್ಟಿ ಗುಂಡಿ ಒತ್ತಿದಳು. ಹಸಿರು ಗೆರೆ ಕಣ್ಣು ಮಿಟುಕಿಸುವುದರಲ್ಲಿ ತುಂಬಿತು. ಅಷ್ಟು ಬೇಗ ಯಾಕೆ ತುಂಬಿತು ಅಂತ ಕೇಳುವ ವ್ಯವಧಾನ ಯಾರಿಗಿತ್ತು?

ಎಲ್ಲವನ್ನೂ ಕಳಿಸಿದ್ದಾಯಿತು. ಮೂರು ಜನ ಪರದೆ ನೋಡುತ್ತ ಕೂತರು. ಹೋಯಿತು, ತಲುಪಿತು ಅಂತ ಬಂದ ಕೂಡಲೇ ಪುಟ್ಟಿ ಕೂಗಿದ ಕೂಗಿಗೆ ಬೀದಿಯ ನಾಯಿ ಬೊಗಳಿತು. ಅಮ್ಮ ಕಣ್ಣೊರೆಸಿಕೊಂಡಳು. ಮಾವ ದುಡುದುಡು ಮೆಟ್ಟಿಲಿಳಿದು ಹೋದ. ಬೀದಿಯವರಿಗೆಲ್ಲ ಬಿಸ್ಕತ್ತು ಹಂಚುವುದಿತ್ತು, ಅದೂ ಅಲ್ಲದೆ ಆ ಬಡಪಾಯಿಯ ಸೈಕಲ್ಲಿಗೆ ಚಕ್ರ ಹಾಕುವುದಿತ್ತು.

ಸ್ವಲ್ಪ ಹೊತ್ತಿಗೆ ಮೇಷ್ಟ್ರ ಫೋನು ಬಂತು. ಅವರ ದನಿಯೇ ಬೇರೆಯಾಗಿತ್ತು. ಹಬ್ಬದ ದನಿ.

"ಅಮ್ಮಾ, ಏನ್ರೀ ಇದು! ಶುರುವಿನಲ್ಲೇ ಒಂದು ಏಟು ಇಟ್ಟಿದ್ದೀರಲ್ಲ, ಇಲ್ಲಿ ಎಲ್ಲರೂ ಕುರ್ಚಿಯಿಂದ ಎದ್ದುಬಿಟ್ರು! ನಾದ ಗಾಳಿಯಲ್ಲಿ ಕರಗ್ತಾ ಕರಗ್ತಾ ಕೊಳಲು ಬರುತ್ತೆ. ಮೇಡಂ ಹುಚ್ಚಾಗಿದ್ದಾರೆ. ಯಾರ್ರೀ ಹೊಡೆದಿದ್ದು ಅದನ್ನ?"

"ಶುರುವಿನಲ್ಲಾ?" ಅಂದಳು ಪುಟ್ಟಿ.

"ಹೌದ್ರೀ, ಮೊಟ್ಟಮೊದಲು! ಅಂದ ಹಾಗೆ ನಿಮ್ಮ ಹಾಡಿನ ಕೊನೆ ಭಾಗ ನಮಗೆ ಬೇಕಾಗಲ್ಲ. ಫೋನಿನಲ್ಲಿ ಎಷ್ಟು ಕೇಳಿದ್ವೋ ಅಷ್ಟಕ್ಕೇ ದೃಶ್ಯ ಕತ್ತರಿಸಿದ್ದೀವಿ. ಅಲ್ಲಿಗೆ ಮೆಲ್ಲಗೆ ಆರಿಸಿಬಿಡ್ತೀವಿ. ಸಂಜೆಗೆ ಎಲ್ಲ ಮುಗಿಸಿ ಬೀಗ ಹಾಕೋದು. ಭೇಷ್ ಅಮ್ಮಾ, ಭೇಷ್!"

ಫೋನು ಇಟ್ಟ ಮೇಲೆ ಪುಟ್ಟಿ ತಾನು ಕಳಿಸಿದ್ದನ್ನು ತೆಗೆದು ನೋಡಿದಳು. ಉಳಿದ ಫೈಲುಗಳೆಲ್ಲ ಉದ್ದಕ್ಕೆ ಮಲಗಿದ್ದವು. ಮಾವನದು ಮಾತ್ರ ಎಡ ಮೂಲೆಯಲ್ಲಿ ಒಂದು ಬೆರಳಷ್ಟು. ಸೊನ್ನೆಯ ಮೇಲೇ ಕೂತಿತ್ತು. ಅಂಚು ಸೇರಿಸಿ ಇಟ್ಟವರದೇನು ತಪ್ಪು? ಕಡೆಯಲ್ಲಿ ಬರಬೇಕಾದ ಏಟನ್ನು ಇವಳೇ ತಲೆಗೆ ತಂದು ಕೂರಿಸಿದ್ದಳು.

"ಈಗೇನು ಮಾಡ್ಲಿ ಅಮ್ಮಾ?" ಅಂತ ತಲೆ ಮೇಲೆ ಕೈ ಹೊತ್ತು ಕೂತಳು.

ಅಮ್ಮನಿಗೆ ಎಲ್ಲ ಅರ್ಥವಾಗುವುದಕ್ಕೆ ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಬಾಯಿ ಮುಚ್ಕೊಂಡಿರು."

"ಅಮ್ಮಾ!"

"ಅಲ್ವೇ, ಯೋಚ್ನೆ ಮಾಡು. ನೀನು ಸರಿಮಾಡಿ ಕಳಿಸಿದ್ರೆ ಅವನ ಏಟು ಕೊನೆಗೆ ಹೋಗುತ್ತೆ. ಕೊನೆಯನ್ನ ಅವರು ಕತ್ತರಿಸ್ತಾರೆ. ಅಂದ್ರೆ ಅವನು ಸಿನಿಮಾದಲ್ಲೇ ಇಲ್ಲ. ಬೀದಿಗೆಲ್ಲ ಸಾರ್ಕೊಂಡು ಬಂದಿದ್ದಾನೆ, ಈಗ ಬಿಸ್ಕತ್ತು ಬೇರೆ ಹಂಚ್ತಿದ್ದಾನೆ. ನಾಳೆ ಯಾವ ಮುಖ ಇಟ್ಕೊಂಡು ಅಂಗಡಿ ಬಾಗಿಲು ತೆಗೀತಾನೆ? ಸುಮ್ನಿದ್ರೆ ಎಲ್ಲರಿಗಿಂತ ಮುಂದೆ ಬರ್ತಾನೆ. ಹುಟ್ಟಿದಾಗಿಂದ ಜನ ಅವನನ್ನ ಕೊನೇಲೇ ನಿಲ್ಲಿಸಿದ್ದಾರೆ ಕಣೇ. ಒಂದ್ಸಲ ಮುಂದೆ ಬರಲಿ ಬಿಡು."

ಅಮ್ಮ ತಮ್ಮನ ಪರವಾಗಿ ಇಷ್ಟುದ್ದ ಮಾತಾಡಿದ್ದನ್ನು ಪುಟ್ಟಿ ಕೇಳಿರಲಿಲ್ಲ. ಮಾತು ಸುಳ್ಳೂ ಅಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳಿಗೆ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹಾಡು ಕಟ್ಟಿದವಳು ತಾನೇ. ಆ ಏಟು ಎಲ್ಲಿ ಬೀಳಬೇಕು ಅಂತ ಎಷ್ಟು ದಿನ ತಲೆ ಕೆಡಿಸಿಕೊಂಡಿದ್ದಳು! ಆದರೆ ಮಾವನ ಖುಷಿಯ ಮುಂದೆ ಅದೆಲ್ಲ ಎಷ್ಟರದು? ಕಿಟಕಿಯಿಂದ ಬಗ್ಗಿ ನೋಡಿದಳು. ಅಂಗಡಿ ಮುಂದೆ ಮಾವ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು, ಇನ್ನೊಂದು ಕೈ ಎತ್ತಿ, ಹೂವಿನವಳಿಗೆ ಏಟು ಹೊಡೆಯುವುದು ಹೇಗೆ ಅಂತ ತೋರಿಸುತ್ತಿದ್ದ. ಸುಮ್ಮನಿರುವುದು ಪುಟ್ಟಿಯ ಕೈಲಿ ಆಗಲಿಲ್ಲ. ಮಾವನದು ಮಾವನೇ ಹೇಳಲಿ ಅಂದುಕೊಂಡು ಕೂಗಿ ಕರೆದಳು.

ಮಾವ ಮೇಲೆ ಬಂದು ಕೂತು ಕೇಳಿದ. ಮುಂದೆ ಬಂದೆ ಅಂತ ಗೊತ್ತಾದಾಗ ಅವನ ಮೀಸೆ ತನ್ನಷ್ಟಕ್ಕೆ ಮೇಲೇರಿತು, ಅದನ್ನು ಪುಟ್ಟಿ ನೋಡಿದಳು. "ಎಲ್ಲರೂ ಕುರ್ಚಿಯಿಂದ ಎದ್ರಂತಾ?" ಅಂತ ಎರಡು ಸಲ ಕೇಳಿದ. ಸರಿಮಾಡಿದರೆ ಏಟೇ ಹೋಗಿಬಿಡುತ್ತದೆ ಅನ್ನುವುದು ತಲೆಗೆ ಹೋದಾಗ ಮೀಸೆ ಇಳಿಯಿತು.

"ನಂಗೊಂದ್ಸಲ ಕೇಳಿಸು" ಅಂದ. "ಅವರಿಗೆ ಕೇಳಿಸಿದ ಹಾಗೇ."

ಪುಟ್ಟಿ ಕೇಳಿಸಿದಳು. ಢಣ್ ಅಂತ ಏಟು ಮೊದಲಿಗೇ ಬಿತ್ತು. ನಾದ ತೆಳ್ಳಗಾಗುತ್ತ ಹೋಯಿತು, ಕೊಳಲು ಶುರುವಾಯಿತು. ಚೆನ್ನಾಗಿಲ್ಲ ಅನ್ನುವ ಹಾಗಿರಲಿಲ್ಲ, ನಿಜವಾಗಿ ಚೆನ್ನಾಗಿತ್ತು. ಹಾಡು ನಡೆಯಿತು, ಪಿಟೀಲು ಬಂತು, ಎಲ್ಲ ಸೇರಿತು, ಎಲ್ಲ ನಿಂತಿತು. ಆಮೇಲೆ ಏನೂ ಇಲ್ಲ. ಮಾವ ಕುರ್ಚಿಯ ತುದಿಗೆ ಬಂದು ಕೂತಿದ್ದ. ಹಾಡು ಮುಗಿದ ಮೇಲೂ ಹಾಗೇ ಕೂತಿದ್ದ.

"ಊಹೂಂ" ಅಂದ ಕೊನೆಗೆ. "ಇದು ಟ್ಯೂಬು ಹಾಕೋ ಮುಂಚೆ ಗಾಳಿ ಹೊಡೆದ ಹಾಗಾಯ್ತು."

"ಆದ್ರೆ ಮಾವ, ಅವರು ಕೊನೇದನ್ನ..."

"ಗೊತ್ತು ಪುಟ್ಟಿ. ಕತ್ತರಿಸಿದ್ರೆ ಕತ್ತರಿಸ್ಲಿ. ಕತ್ತರಿ ಅವರ ಕೈಲಿದೆ, ಸುತ್ತಿಗೆ ನನ್ನ ಕೈಲಿದೆ. ಹಾಡು ಹೀಗೆ ಬಾಯಿ ತೆರಕೊಂಡು ನಿಂತಿರೋದನ್ನ ಕೇಳಿದ್ಯಲ್ಲ, ನಿಂಗೆ ಸಮಾಧಾನ ಆಯ್ತಾ? ನಂಗಾಗ್ಲಿಲ್ಲ. ಎಲ್ಲಿರಬೇಕೋ ಅಲ್ಲಿಟ್ಟು ಕಳಿಸು."

"ಲೋ, ಬೀದಿಯವರಿಗೆ ಏನ್ ಹೇಳ್ತೀಯೋ?" ಅಂದಳು ಅಮ್ಮ. ಅವಳಿಗೆ ಅಳು ಬರುವ ಹಾಗಾಗಿತ್ತು.

"ಬಿಸ್ಕತ್ತು ತಿಂದಾಗಿದೆ, ವಾಪಸ್ ಕೇಳಲ್ಲ ಅಂತೀನಿ" ಅಂದ ಮಾವ. ನಗುವುದಕ್ಕೆ ನೋಡಿದ, ನಗು ಸರಿಯಾಗಿ ಬರಲಿಲ್ಲ.

ಪುಟ್ಟಿ ಏಟಿನ ಮುಂಚೆ ಮೌನವನ್ನು ಅಂಟಿಸಿದಳು, ಸೊನ್ನೆಯವರೆಗೆ ಎಳೆದಳು, ಮೂರು ಸಲ ನೋಡಿದಳು. ಈ ಸಲ ಹಸಿರು ಗೆರೆ ನಿಧಾನವಾಗಿ, ಕೊಳಲಿನವರದು ತುಂಬಿದಷ್ಟೇ ಹೊತ್ತು ತುಂಬಿತು. ಮೇಷ್ಟ್ರಿಗೆ ಫೋನು ಮಾಡಿ ತಪ್ಪು ತನ್ನದೇ ಅಂದಳು. ಅತ್ತ ಕಡೆ ಮೇಷ್ಟ್ರು ತಲೆ ಚಚ್ಚಿಕೊಂಡದ್ದು ಇಲ್ಲಿಗೇ ಕೇಳಿಸಿತು.

"ಏನ್ರಮ್ಮಾ ನೀವು! ದೇವರು ಕೊಟ್ಟ ತಪ್ಪನ್ನ ಯಾರಾದ್ರೂ ತಿದ್ದುತ್ತಾರಾ? ಇರಲಿ ಬಿಡ್ರೀ, ಹೀಗೇ ಚೆನ್ನಾಗಿದೆ."

"ಒಂದ್ಸಲ ಪೂರ್ತಿ ಕೇಳಿ ಸರ್. ಕೊನೇವರೆಗೆ. ಅಷ್ಟೇ ಕೇಳಿಕೊಳ್ಳೋದು. ಆಮೇಲೆ ನಿಮ್ಮಿಷ್ಟ."

"ಹೊತ್ತೆಲ್ಲಿದೆ..." ಅಂತ ಮೇಷ್ಟ್ರು ಶುರುಮಾಡಿದರು. ಹಿಂದಿನಿಂದ ಒಂದು ಹೆಣ್ಣುದನಿ "ಹಾಕಿ, ಕೇಳೋಣ" ಅಂದಿತು. ಅದು ನಿರ್ದೇಶಕಿಯದು. ಫೋನನ್ನು ಅವರು ಅಲ್ಲೇ ಮೇಜಿನ ಮೇಲೆ ಇಟ್ಟರೆಂದು ಕಾಣುತ್ತದೆ, ಯಾಕೆಂದರೆ ಇಲ್ಲಿ ಎಲ್ಲ ಕೇಳಿಸುತ್ತಿತ್ತು. ಪುಟ್ಟಿ ತನ್ನ ಫೋನಿನ ಸ್ಪೀಕರು ಹಾಕಿದಳು.

ಹಾಡು ಶುರುವಾಯಿತು, ಏಟಿಲ್ಲದೆ. ಅತ್ತ ದೊಡ್ಡ ಕೋಣೆಯಲ್ಲಿ ಹಾಕಿದ ಹಾಡು ಫೋನಿನ ಸಣ್ಣ ತೂತಿನಿಂದ ಬರುತ್ತಿತ್ತು, ಆದರೂ ಒಂದೊಂದು ವಾದ್ಯವೂ ಗುರುತು ಸಿಕ್ಕಿತು. ಮೇಷ್ಟ್ರು ಕತ್ತರಿಸುತ್ತೇವೆ ಅಂದಿದ್ದ ಜಾಗ ಬಂತು. ನಿಲ್ಲಿಸುತ್ತಾರೇನೋ ಅಂತ ಅಮ್ಮ ಪುಟ್ಟಿಯ ಮುಂಗೈ ಹಿಡಿದಳು. ನಿಲ್ಲಿಸಲಿಲ್ಲ. ಪಿಟೀಲು ಏರಿತು, ಡ್ರಮ್ಮು ಕೈ ಕಟ್ಟಿತು, ಕೊಳಲು ಕೊನೆಯ ಉಸಿರು ಬಿಟ್ಟು ಸುಮ್ಮನಾಯಿತು. ಎಲ್ಲರೂ ಸುಮ್ಮನಾದರು. ಈಗ ಬರೀ ಮೌನ. ಮಾವ ಎದ್ದು ನಿಂತಿದ್ದ, ಯಾವಾಗ ಎದ್ದನೋ ಯಾರೂ ನೋಡಿರಲಿಲ್ಲ. ಕೈಯಲ್ಲಿ ಏನೂ ಇಲ್ಲ, ಆದರೂ ಬಲಗೈ ಭುಜದ ತನಕ ಎದ್ದಿತ್ತು. ಇನ್ನೂ ಮೌನ. ಅಮ್ಮನ ಉಗುರು ಪುಟ್ಟಿಯ ಕೈಗೆ ನಾಟುತ್ತಿತ್ತು.

ಢಣ್.

ಅತ್ತ ಕಡೆ ಯಾರೋ ಹೋ ಅಂತ ಉಸಿರು ಬಿಟ್ಟರು. ನಾದ ಪೂರ್ತಿ ಆರಿತು.

ಆಮೇಲೆ ಮಾತು ಶುರುವಾಯಿತು ನೋಡಿ, ಅಲ್ಲಿ ಎಲ್ಲರೂ ಒಟ್ಟಿಗೆ! ಕುರ್ಚಿ ಎಳೆದ ಸದ್ದು, ಯಾರನ್ನೋ ಕೂಗಿದ್ದು. ನಿರ್ದೇಶಕಿಯ ದನಿ ಎಲ್ಲದರ ಮೇಲೆ ಬಂತು. "ಆ ಉದ್ದದ ಶಾಟ್ ತೆಗೀರಿ! ಕತ್ತರಿಸಿ ಇಟ್ಟಿದ್ವಲ್ಲ, ಅದೇ! ನಾಯಕಿ ಅಂಗಡಿ ಬಾಗಿಲು ಎಳೆದು, ಹೊರಗೆ ಹಾಗೇ ನಿಂತಿರ್ತಾಳಲ್ಲ, ಅದು! ಹಾಡು ಮುಗಿದುಹೋಗಿದೆ ಅಂತ ಬಿಟ್ಟಿದ್ವಿ. ಎಲ್ರೀ ಮುಗಿದಿತ್ತು?" ಮೇಷ್ಟ್ರು ಏನೋ ಗೊಣಗಿದರು. "ಸಂಜೆ ಅಲ್ಲ, ನಾಳೆ ಮುಗಿಸೋಣ ಮೇಷ್ಟ್ರೇ. ಪೂರ್ತಿ ಹಾಡು ಹಾಕ್ತೀವಿ!"

ಪುಟ್ಟಿ ಮಾವನನ್ನು ತಬ್ಬಿಕೊಂಡಳು. ಗ್ರೀಸು ಅವಳ ಬಟ್ಟೆಗೆಲ್ಲ ಮೆತ್ತಿತು. ಅಮ್ಮ ಅಳುತ್ತಿದ್ದಳು, ನಗುತ್ತಿದ್ದಳು, ತಮ್ಮನ ಬೆನ್ನಿಗೆ ಗುದ್ದುತ್ತಿದ್ದಳು. "ಮುಂಡೇಗಂಡ, ನನ್ನ ಜೀವ ತೆಗೆದುಬಿಟ್ಟೆಯಲ್ಲೋ!"

ಫೋನಿನಿಂದ ನಿರ್ದೇಶಕಿ ಕರೆದರು. "ಅಲ್ಲಿ ಏಟು ಹೊಡೆದವರು ಇದ್ದಾರಾ?"

ಮಾವ ಫೋನಿನ ಹತ್ತಿರ ಬಗ್ಗಿ, ಕೈ ಕಟ್ಟಿ ನಿಂತು "ಇದ್ದೀನಿ ಮೇಡಂ" ಅಂದ.

"ನಿಮ್ಮ ಟ್ರ್ಯಾಕು ಇಲ್ಲಿ ನನ್ನ ಕಣ್ಣೆದುರಿಗೇ ಇದೆ ಸರ್. ಅಷ್ಟುದ್ದ ಖಾಲಿ. ಎಲ್ಲರೂ ನುಡಿಸ್ತಿರ್ತಾರೆ, ನೀವು ಸುಮ್ನೆ ನಿಂತಿರ್ತೀರಿ. ಬೇಜಾರಾಗಲ್ವಾ? ಅಷ್ಟು ಹೊತ್ತು ಏನು ಮಾಡ್ತಿರ್ತೀರಿ?"

ಮಾವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಏನ್ ಮಾಡ್ತೀನಿ ಅಂದ್ರೆ... ಕೇಳ್ತಿರ್ತೀನಿ ಮೇಡಂ. ನುಡಿಸೋರಿಗೆ ಅವರವರ ಬೆರಳಿ‍ನ ಚಿಂತೆ. ನಮ್ಮ ಪುಟ್ಟಿ, ಹಾಡು ಕಟ್ಟಿದವಳು, ಅವಳಿಗೆ ಯಾವ ಮೈಕು ಕೈಕೊಡುತ್ತೋ ಅನ್ನೋ ಚಿಂತೆ. ಈ ಹಾಡನ್ನ ಪೂರ್ತಿ ಕೇಳಿರೋನು ನಾನೊಬ್ಬನೇ. ಅಷ್ಟು ಚೆನ್ನಾಗಿರೋದನ್ನ ಪುಕ್ಕಟೆ ಕೇಳಿ ಸುಮ್ನೆ ಎದ್ದು ಬರೋಕಾಗುತ್ತಾ? ಅದಕ್ಕೆ ಕೊನೇಲಿ ಒಂದೇಟು ಹೊಡೆದು ಬರ್ತೀನಿ."

ಈ ಹಾಡನ್ನು ಪುಟ್ಟಿ ನೂರಾರು ಸಲ ಹಾಕಿದ್ದಳು, ತುಂಡು ತುಂಡು ಮಾಡಿದ್ದಳು, ಒಂದೊಂದು ಎಳೆಯನ್ನೂ ಬಿಡಿಸಿ ನೋಡಿದ್ದಳು. ಮಾವ ಕೇಳಿದ ಹಾಗೆ ಒಂದು ಸಲವೂ ಕೇಳಿರಲಿಲ್ಲ.

"ಮೇಡಂ" ಅಂದಳು, "ಇನ್ನೊಂದ್ಸಲ ಹಾಕ್ತೀರಾ? ಮೊದಲಿಂದ?"

ಕಂಪ್ಯೂಟರಿನ ಪರದೆಯನ್ನು ಆರಿಸಿದಳು. ಕುರ್ಚಿ ಬಿಟ್ಟು ಬಂದು, ಚಾಪೆ ಹಾಸಿ ಮಾವನನ್ನು ಕೂರಿಸಿ, ಅವನ ಪಕ್ಕದಲ್ಲಿ ತಾನೂ ಕೂತಳು. ಅಮ್ಮನೂ ಸೆರಗು ಸರಿಮಾಡಿಕೊಂಡು ಬಂದು ಕೂತಳು, ಹಾಡು ಶುರುವಾಯಿತು.